ಯಾವ ಕೊತ್ತಪಲ್ಲಿ?

ನಮ್ಮ ಗೌರಿಬಿದನೂರು ಸೀಮೆಯಲ್ಲಿ ಯಾರನ್ನಾದರೂ ಹುಡುಕಿಕೊಂಡು ಹೋಗುವವರು ಬರೀ ಹೆಸರು ತಿಳಿದುಕೊಂಡು ಹೋದರೆ ಸಂಜೆಯವರೆಗೂ ಸುತ್ತಬೇಕಾಗುತ್ತದೆ. ಇನಿಷಿಯಲ್ಲು ಬೇಕೇ ಬೇಕು. ಇದಕ್ಕೆ ಕಾರಣ ವಿದುರಾಶ್ವತ್ಥ. ಗೌರಿಬಿದನೂರಿನಿಂದ ಹಿಂದೂಪುರದ ದಾರಿಯಲ್ಲಿ 6 ಕಿ.ಮೀ. ಹೋದರೆ ಸಿಗುವ ಈ ಕ್ಷೇತ್ರಕ್ಕೆ ಮಕ್ಕಳಾಗದವರು ಬಂದು ನಾಗರಕಲ್ಲು ಪ್ರತಿಷ್ಠೆ ಮಾಡಿಸುತ್ತಾರೆ. ಮಗುವಾದ ಮೇಲೆ ಕೊಟ್ಟ ಮಾತಿಗೆ ತಪ್ಪಬಾರದಲ್ಲ, ಅಶ್ವತ್ಥನಾರಾಯಣ ಎಂದು ಹೆಸರಿಡುತ್ತಾರೆ. ಇಲ್ಲವೇ ಅಶ್ವತ್ಥಪ್ಪ, ಅಶ್ವತ್ಥಮ್ಮ, ನಾಗರಾಜ, ನಾಗವೇಣಿ, ಸುಬ್ರಹ್ಮಣ್ಯ. ದೇವರು ಒಬ್ಬನೇ, ಹರಕೆ ಒಂದೇ, ಹೆಸರೂ ಅಷ್ಟೇ. ನಮ್ಮ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆಯುತ್ತಾ "ಅಶ್ವತ್ಥನಾರಾಯಣ" ಎಂದರೆ ಅರ್ಧ ಬೆಂಚು ಎದ್ದು ನಿಲ್ಲುತ್ತಿತ್ತು. ಹೊಡೆಯುವುದಕ್ಕೆ ಕರೆದರೆ ಮಾತ್ರ ಯಾರೂ ಏಳುತ್ತಿರಲಿಲ್ಲ. "ಯಾವ ಅಶ್ವತ್ಥನಾರಾಯಣ ಸಾರ್?" ಎಂದು ಎಲ್ಲರೂ ವಿನಯದಿಂದ ವಿಚಾರಿಸುತ್ತಿದ್ದರು.

ಆಗ ಮೇಷ್ಟ್ರ ಕೈಹಿಡಿಯುತ್ತಿದ್ದದ್ದು ಇನಿಷಿಯಲ್ಲು. ಜಿ. ಎ. ಅಂದರೆ ಒಬ್ಬ, ಕೆ. ಎ. ಅಂದರೆ ಇನ್ನೊಬ್ಬ. ಎರಡನೆಯ ಅಕ್ಷರ ಅಪ್ಪನದು. ಅಪ್ಪಂದಿರೂ ಬಹುಪಾಲು ಅಶ್ವತ್ಥಪ್ಪಗಳೇ ಆದ್ದರಿಂದ ಅದರಿಂದ ಪ್ರಯೋಜನ ಕಡಿಮೆ. ಮೊದಲ ಅಕ್ಷರದ್ದೇ ಕಾರುಬಾರು. ಅದು ಊರಿನದು, ತೆಲುಗು ಮನೆಮಾತಿನವರಾದರೆ ಇಂಟಿಪೇರಿನದು, ಅಂದರೆ ಮನೆತನದ ಹೆಸರಿನದು. ನಮ್ಮ ಮನೆಯಲ್ಲಿ ಮಾತು ತೆಲುಗು, ಓದು ಕನ್ನಡ, ಜಗಳ ಎರಡರಲ್ಲೂ. ನಮ್ಮ ಇಂಟಿಪೇರು ಕೊತ್ತಪಲ್ಲಿ. ಆ ಕೊತ್ತಪಲ್ಲಿ ಎಲ್ಲಿದೆ, ಅಲ್ಲಿಂದ ನಮ್ಮವರು ಯಾವಾಗ ಗಂಟುಮೂಟೆ ಕಟ್ಟಿದರು, ಯಾಕೆ ಕಟ್ಟಿದರು ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ. ಅದು ಬಂದದ್ದು ಜರ್ಮನಿಯಿಂದ.

ನನ್ನ ಅಣ್ಣನ ಮಗ ಸ್ಟುಟ್‌ಗಾರ್ಟಿನಲ್ಲಿ ಇಂಜಿನಿಯರ್. ಪಾಸ್‌ಪೋರ್ಟ್ ಮಾಡಿಸುವಾಗ 'ಸರ್‌ನೇಮ್' ಎಂಬ ಕಾಲಮ್ಮಿನ ಮುಂದೆ ನಮ್ಮ ಕಡೆಯ ಹುಡುಗರೆಲ್ಲ ಒಂದು ಗಳಿಗೆ ತಬ್ಬಿಬ್ಬಾಗುತ್ತಾರೆ. ಕೆಲವರು ಅಪ್ಪನ ಹೆಸರು ಬರೆಯುತ್ತಾರೆ, ಕೆಲವರು ಊರು ಬರೆಯುತ್ತಾರೆ, ಕೆಲವರು ಖಾಲಿ ಬಿಟ್ಟು ಅಮೆರಿಕದ ವೀಸಾದಲ್ಲಿ 'ಮೊದಲ ಹೆಸರು ಗೊತ್ತಿಲ್ಲ' ಎಂದು ಅಚ್ಚು ಹಾಕಿಸಿಕೊಳ್ಳುತ್ತಾರೆ. ಇವನು ಇಂಟಿಪೇರು ಬರೆದ. ಅಲ್ಲಿಂದ ಕೊತ್ತಪಲ್ಲಿಗೆ ಶುಕ್ರದೆಸೆ ಶುರುವಾಯಿತು. ಊರಿನಲ್ಲಿ ಒಂದಕ್ಷರವಾಗಿ ಹೆಸರಿನ ಮುಂದೆ ಮುದುರಿಕೊಂಡಿದ್ದದ್ದು ಜರ್ಮನಿಯಲ್ಲಿ ಪೂರ್ತಿ ಮೈಚಾಚಿತು. ಆಫೀಸಿನಲ್ಲಿ ಅವನು 'ಹೆರ್ ಕೊತ್ತಪಲ್ಲಿ'. ಅವನ ಸ್ವಂತ ಹೆಸರು ಅಲ್ಲಿ ಹೆಂಡತಿಗೆ ಮಾತ್ರ ಗೊತ್ತು. ಆ ದೇಶದಲ್ಲಿ ಅಪಾರ್ಟ್‌ಮೆಂಟಿನ ಮನೆಗಳಿಗೆ ನಂಬರು ಹಾಕುವ ರೂಢಿ ಕಡಿಮೆಯಂತೆ. ಕರೆಗಂಟೆಯ ಪಕ್ಕ, ಟಪಾಲು ಪೆಟ್ಟಿಗೆಯ ಮೇಲೆ ಮನೆತನದ ಹೆಸರು ಇರಬೇಕು. ಇಲ್ಲದಿದ್ದರೆ ಪೋಸ್ಟಿನವನು ಕಾಗದ ಹಾಕದೆ ವಾಪಸ್ಸು ಹೋಗುತ್ತಾನೆ. ಹಾಗಾಗಿ ಬೆರಳಗಲದ ಪಟ್ಟಿಯ ಮೇಲೆ ನಮ್ಮ ಕೊತ್ತಪಲ್ಲಿ ಸಣ್ಣಕ್ಷರದಲ್ಲಿ ಉಸಿರು ಬಿಗಿಹಿಡಿದು ಕೂತಿದೆ. ಅವನ ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಅವಳ ಅಪ್ಪನ ಹೆಸರಿರುವುದರಿಂದ ಅದಕ್ಕೆ ಇನ್ನೊಂದು ಪಟ್ಟಿ. ಇಬ್ಬರೂ ಮದುವೆಯಾಗದೆ ಒಟ್ಟಿಗಿದ್ದಾರೆ ಎಂದು ಮಹಡಿಯವರು ಬಹಳ ದಿನ ತಿಳಿದಿದ್ದರಂತೆ. ಪಾಪ, ಒಳ್ಳೆಯವರು, ಏನೂ ಅನ್ನಲಿಲ್ಲ.

ಅದೇ ಕಟ್ಟಡದಲ್ಲಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರಿಗೆ ವಂಶವೃಕ್ಷದ ಹುಚ್ಚು. ದಪ್ಪ ಫೈಲಿನಲ್ಲಿ ತಮ್ಮ ಹಿರೀಕರನ್ನೆಲ್ಲ ಹದಿನೇಳನೆಯ ಶತಮಾನದವರೆಗೆ ಇಳಿಸಿ ಇಟ್ಟಿದ್ದಾರೆ: ಯಾರು ಯಾವ ಚರ್ಚಿನಲ್ಲಿ ನೀರು ಹಾಕಿಸಿಕೊಂಡರು, ಯಾರು ಹಿಟ್ಟಿನ ಗಿರಣಿ ಕಳೆದುಕೊಂಡರು, ಯಾರು ಸಾಲ ಮಾಡಿ ಅಮೆರಿಕಕ್ಕೆ ಓಡಿಹೋದರು. ಅವರು ಒಂದು ದಿನ ಕಾಫಿಗೆ ಕರೆದು, "ನಿಮ್ಮ ಹೆಸರು ಎಲ್ಲಿಂದ ಬಂತು?" ಎಂದು ಕೇಳಿದ್ದಾರೆ. ಹುಡುಗ ಪೇಚಿಗೆ ಬಿದ್ದ. ಆ ರಾತ್ರಿಯೇ ನನಗೆ ವಿಡಿಯೋ ಕಾಲ್ ಬಂತು.

"ಚಿಕ್ಕಪ್ಪಾ, ಕೊತ್ತಪಲ್ಲಿ ಎಲ್ಲಿದೆ?"

"ಆಂಧ್ರದಲ್ಲಿ ಕಣೋ."

"ಆಂಧ್ರದಲ್ಲಿ ಎಲ್ಲಿ?"

ಇಂಥ ಪ್ರಶ್ನೆಗೆ ನೆಟ್‌ವರ್ಕ್ ಸರಿಯಿಲ್ಲ ಎನ್ನುವುದು ವಾಡಿಕೆ. ನಾನೂ ಅದನ್ನೇ ಅಂದೆ.

ಆದರೆ ಕೆಣಕಿದ ಪ್ರಶ್ನೆ ಸುಮ್ಮನಿರುವುದಿಲ್ಲ. ಗುಡಿಬಂಡೆಯಲ್ಲಿರುವ ನನ್ನ ಸೋದರತ್ತೆ ನಮ್ಮ ವಂಶದಲ್ಲಿ ಈಗ ಉಳಿದಿರುವ ಹಿರಿಯ ತಲೆ. ಕಣ್ಣು ಮಂದ, ಕಿವಿ ಮಂದ, ನೆನಪು ಮಾತ್ರ ಹರಿತ. ಹೋಗಿ ಕೇಳಿದೆ.

"ಅತ್ತೆ, ನಮ್ಮ ಇಂಟಿಪೇರಿನ ಕೊತ್ತಪಲ್ಲಿ ಯಾವುದು?"

"ಯಾವುದು ಅಂದರೆ? ನೀರಿಲ್ಲದ ಕೊತ್ತಪಲ್ಲಿ."

ಇದರಿಂದ ಹುಡುಕಾಟ ಒಂದಿಷ್ಟೂ ಮುಂದೆ ಹೋಗಲಿಲ್ಲ. ರಾಯಲಸೀಮೆಯಲ್ಲಿ ನೀರಿರುವ ಊರು ಯಾವುದೆಂದು ಹೇಳಿದ್ದರೆ ಹುಡುಕಬಹುದಿತ್ತು. ಸಾಲದ್ದಕ್ಕೆ ಕೊತ್ತಪಲ್ಲಿ ಎಂದರೆ ನಮ್ಮ ಹೊಸಹಳ್ಳಿ. ಕರ್ನಾಟಕದಲ್ಲಿ ಎಷ್ಟು ಹೊಸಹಳ್ಳಿಗಳಿವೆಯೋ ಗಡಿಯಾಚೆ ಅಷ್ಟೇ ಕೊತ್ತಪಲ್ಲಿಗಳು. ಮೊಬೈಲಿನ ನಕ್ಷೆಯಲ್ಲಿ ಹೆಸರು ಒತ್ತಿದರೆ ಅನಂತಪುರ, ಕಡಪ, ಕರ್ನೂಲು, ಚಿತ್ತೂರು ಎಲ್ಲ ಕಡೆ ಕೆಂಪು ಚುಕ್ಕೆ ಏಳುತ್ತವೆ. ಹಳೆಯ ಊರು ಬಿಟ್ಟವರು ಹೋದಲ್ಲೆಲ್ಲ ಹೊಸ ಊರು ಕಟ್ಟಿದ್ದಾರೆ, ಆ ಊರನ್ನೂ ಬಿಟ್ಟಿದ್ದಾರೆ. ನಾವು ಬಿಟ್ಟ ಊರೇ ಹೊಸದಾದರೆ ಅದಕ್ಕೂ ಮುಂಚೆ ಬಿಟ್ಟ ಹಳೆಯ ಊರು ಯಾವುದು? ಅದನ್ನು ನಮ್ಮ 'ಕೆ' ಹೇಳುವುದಿಲ್ಲ.

ಈ ಪಾಡು ನಮ್ಮೊಬ್ಬರದೇ ಅಲ್ಲ. ನಮ್ಮ ತಾಲೂಕಿನ ಹೆಮ್ಮೆಯಾದ ಎಚ್. ನರಸಿಂಹಯ್ಯನವರ 'ಎಚ್' ಹೊಸೂರು, ಅದೂ ಹೊಸ ಊರೇ. 1920ರಲ್ಲಿ ಅಲ್ಲಿ ಹುಟ್ಟಿ, ಓದಿನ ಆಸೆಗೆ ಬೆಂಗಳೂರಿಗೆ ನಡೆದೇ ಹೋಗಿ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಬರೀ ಹೊಸೂರು ಎಂದರೆ ಹೊರಗಿನವರಿಗೆ ತಮಿಳುನಾಡಿನ ಹೊಸೂರು ನೆನಪಾಗುತ್ತದೆ. ನಮ್ಮವರು ಗೌರಿಬಿದನೂರು ಹೊಸೂರು ಎಂದು ಬಿಡಿಸಿ ಹೇಳಬೇಕು. ಜರ್ಮನಿಯಲ್ಲೂ ಹೀಗೇ ಇದೆ ಎಂದು ಅಣ್ಣನ ಮಗ ಹೇಳಿದ. ಅಲ್ಲಿ ನಾಯ್‌ಮನ್ ಎಂಬ ಮನೆತನದ ಹೆಸರು ಬೀದಿಗೊಂದು ಸಿಗುತ್ತದೆ. ಎಂದೋ ಒಂದು ಕಾಲದಲ್ಲಿ ಊರಿಗೆ ಹೊಸದಾಗಿ ಬಂದವನಿಗೆ ಊರವರು ಇಟ್ಟ ಹೆಸರು. ಬಂದು ಐನೂರು ವರ್ಷವಾದರೂ ಅವರು ಇನ್ನೂ ಹೊಸಬರೇ. ನಮ್ಮ ಹಳ್ಳಿಗಳಲ್ಲೂ ಮೂರು ತಲೆಮಾರಿನ ಹಿಂದೆ ಬಂದವರನ್ನು 'ವಲಸೆ ಬಂದವರು' ಎಂದೇ ತೋರಿಸುತ್ತಾರೆ. ತೋರಿಸುವವರು ಬಂದದ್ದು ನಾಲ್ಕು ತಲೆಮಾರಿನ ಹಿಂದೆ.

ಬಾಯಿಮಾತು ಬಿಟ್ಟು ಕಾಗದಕ್ಕೆ ಕೈಹಾಕಿದೆ. ನಮ್ಮ ಮನೆಯ ತಗಡಿನ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಕ್ರಯಪತ್ರಗಳಿವೆ. ಮಡಿಸಿದ ಗೆರೆಯಲ್ಲೆಲ್ಲ ಸವೆದು ಕಿಂಡಿ ಬಿದ್ದ ಛಾಪಾ ಕಾಗದ, ಬರೆದವನ ಕೈ ನಡುಗದ ಮೋಡಿ ಅಕ್ಷರ, ಕೊನೆಯಲ್ಲಿ ಎಡಗೈ ಹೆಬ್ಬೆಟ್ಟು. ಅದರಲ್ಲಿ ಹಿರೀಕರ ಕತೆ ಏನೂ ಇಲ್ಲ. ಇರುವುದು ಚಕ್ಕುಬಂದಿ: ಮೂಡಲಿಗೆ ಇಂಥವನ ಹೊಲ, ತೆಂಕಲಿಗೆ ಹಳ್ಳ, ಬಡಗಲಿಗೆ ಗಾಡಿದಾರಿ. ಬೇರೆ ಯಾರದೋ ಜಮೀನಿನ ಪತ್ರದಲ್ಲಿ 'ಪಡುವಲಿಗೆ ಕೊತ್ತಪಲ್ಲಿಯವರ ಬೆದ್ದಲು' ಎಂದು ನಾವು ಕಾಣಿಸಿಕೊಳ್ಳುತ್ತೇವೆ. ಇತಿಹಾಸದಲ್ಲಿ ನಮ್ಮ ವಂಶ ಸಂಪಾದಿಸಿದ ಜಾಗ ಅಷ್ಟು: ಇನ್ನೊಬ್ಬರ ಎಲ್ಲೆ.

ಹಿಂದೆ ಇದಕ್ಕೆಲ್ಲ ಬೇರೆ ಜನರಿದ್ದರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಹೆಳವರು ಬರುತ್ತಿದ್ದರು. ತೆಲುಗು ಮನೆಗಳಲ್ಲಿ ಅವರಿಗೆ ಪಿಚ್ಚಿಗುಂಟ್ಲವಾರು ಎನ್ನುವುದು. ಇಂಥ ಮನೆತನಗಳು ಇಂಥ ಹೆಳವನಿಗೆ ಎಂದು ಹಂಚಿಕೆಯಾಗಿರುತ್ತಿತ್ತು. ಜಗಲಿಯ ಮುಂದೆ ಎತ್ತು ನಿಲ್ಲಿಸಿ, ಮೂಲಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನವರೆಗೆ ಒಂದೇ ಉಸಿರಿಗೆ ಹೇಳಿ, ಹೊಸ ಹೆಸರು ಸೇರಿಸಿಕೊಂಡು, ಮೊರದ ತುಂಬ ರಾಗಿ ಹಾಕಿಸಿಕೊಂಡು ಹೋಗುತ್ತಿದ್ದರು. ಚಿಕ್ಕಂದಿನಲ್ಲಿ ಕೇಳಿದ ನೆನಪು ನನಗೂ ಇದೆ. ನಮ್ಮ ಮೂಲಪುರುಷ ವಿಜಯನಗರದ ಅರಸರ ಪಕ್ಕದಲ್ಲಿ ಕುದುರೆ ಏರಿ ಹೋದವನು ಎಂದು ನಮ್ಮ ಹೆಳವ ಹಾಡಿದ. ಮರುವರ್ಷ ಬರ, ಅಜ್ಜಿ ಅರ್ಧ ಮೊರ ಮಾತ್ರ ಹಾಕಿದಳು. ಆ ವರ್ಷ ಮೂಲಪುರುಷ ಕುದುರೆ ಇಳಿದು ನಡೆದುಕೊಂಡು ಹೋದ.

ಜರ್ಮನಿಯ ಹಿರಿಯರಿಗೆ ಈ ಮೊರದ ಲೆಕ್ಕ ಹೇಳಿದಾಗ ಬಿದ್ದು ಬಿದ್ದು ನಕ್ಕರಂತೆ. ಅವರಿಗೆ ಹೆಳವನ ಕೆಲಸವನ್ನು ಚರ್ಚಿನ ದಫ್ತರ ಮಾಡಿದೆ. ಹದಿನಾರನೆಯ ಶತಮಾನದಿಂದಲೇ ಎಷ್ಟೋ ಊರುಗಳಲ್ಲಿ ಪಾದ್ರಿಗಳು ದೀಕ್ಷಾಸ್ನಾನ, ಮದುವೆ, ಮಣ್ಣು ಮೂರನ್ನೂ ಬರೆದಿಟ್ಟರು. ಹಡಗು ಹತ್ತಿದವರ ಲೆಕ್ಕ ಹ್ಯಾಂಬರ್ಗ್ ಬಂದರಿನಲ್ಲಿ 1850ರಿಂದ ಇದೆ. ಹಾಗಾಗಿ ಅಮೆರಿಕದವರು ಇವತ್ತಿಗೂ ತಮ್ಮ ಮುತ್ತಜ್ಜನನ್ನು ಆ ಪಟ್ಟಿಗಳಲ್ಲಿ ಹುಡುಕುತ್ತಾರೆ. ಹುಡುಕುವುದೂ ಸುಲಭವಲ್ಲ. ಹಡಗಿನಿಂದ ಇಳಿದ ಮ್ಯುಲ್ಲರ್ ಅಲ್ಲಿ ಮಿಲ್ಲರ್ ಆಗಿದ್ದಾನೆ, ಶ್ಮಿಟ್ ಸ್ಮಿತ್ ಆಗಿದ್ದಾನೆ. 1741ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದಿಳಿದ ಐಸನ್‌ಹೌವರ್ ಎಂಬುವನ ವಂಶದಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹುಟ್ಟಿದರು. ಅಕ್ಷರ ಬದಲಾಯಿತು, ವಂಶ ಉಳಿಯಿತು. ನಮ್ಮಲ್ಲಿ ರೇಷನ್ ಕಾರ್ಡು ಬರೆಯುವವನಿಗೂ ಆಧಾರ್ ಬರೆಯುವವನಿಗೂ ಇಷ್ಟೇ ಸ್ವಾತಂತ್ರ್ಯ ಇದೆ.

ಆದರೆ ಆ ಹಿರಿಯರ ಫೈಲೂ ಹದಿನೇಳನೆಯ ಶತಮಾನದಲ್ಲಿ ನಿಂತುಹೋಗುತ್ತದೆ. 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಊರುಗಳು ಸುಟ್ಟವು, ಊರಿನ ಜೊತೆ ದಫ್ತರಗಳೂ ಸುಟ್ಟವು. ಅದಕ್ಕಿಂತ ಹಿಂದೆ ಯಾರಿದ್ದರೋ ಹೇಳುವವರಿಲ್ಲ. ನಮ್ಮಲ್ಲಿ ಅಂಥ ಗೋಡೆ ಧಾತು ವರ್ಷದ ಬರ. 1876ರ ಜನವರಿ 1ರಿಂದ ಜರ್ಮನಿಯ ಉದ್ದಗಲಕ್ಕೂ ಹುಟ್ಟು ಸಾವುಗಳನ್ನು ಸರ್ಕಾರವೇ ಬರೆದುಕೊಳ್ಳಲು ಶುರುಮಾಡಿತು. ಅದೇ ವರ್ಷ ನಮ್ಮಲ್ಲಿ ಮಳೆ ಕೈಕೊಟ್ಟಿತು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕೆ ಇಳಿಯಿತು. ಅಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಒಂದು ಸಾಲು ಬರೆಯುತ್ತಿದ್ದ ಕಾಲದಲ್ಲಿ ಇಲ್ಲಿ ಊರಿಗೆ ಊರೇ ಗಂಜಿಕೇಂದ್ರ ಹುಡುಕಿಕೊಂಡು ನಡೆಯುತ್ತಿತ್ತು. ಕೊತ್ತಪಲ್ಲಿಗೆ ನೀರಿಲ್ಲ ಎಂದು ಅತ್ತೆ ಹೇಳಿದ್ದರ ಹಿಂದೆ ಆ ಬರವೇ ಇರಬೇಕು ಎಂದು ನನಗೆ ಅನ್ನಿಸಿತು. ಬರಗಾಲದಲ್ಲಿ ಊರು ಬಿಡುವವರು ಹೆಸರೊಂದನ್ನು ಬಿಟ್ಟು ಇನ್ನೇನನ್ನು ಹೊತ್ತುಕೊಳ್ಳುತ್ತಾರೆ? ಅದಕ್ಕೆ ತೂಕವಿಲ್ಲ.

ದೊಡ್ಡವರ ಹೆಸರುಗಳೂ ಹೀಗೆ ಬಿಟ್ಟುಬಂದ ಊರಿನ ವಿಳಾಸಗಳೇ. ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿ. ಅವರ 'ಎಂ' ಮುದ್ದೇನಹಳ್ಳಿಯಲ್ಲ, ಮೋಕ್ಷಗುಂಡಂ. ಅದು ಆಂಧ್ರದ ಗಿದ್ದಲೂರಿನ ಕಡೆಯ ಹಳ್ಳಿ. ಅವರ ಹಿರೀಕರು ತಲೆಮಾರುಗಳ ಹಿಂದೆ ಬಿಟ್ಟುಬಂದದ್ದು. ಕನ್ನಂಬಾಡಿ ಕಟ್ಟೆಯ ಕೆಳಗಿನ ಗದ್ದೆಯವರು ಮೋಕ್ಷಗುಂಡಂ ಎಲ್ಲಿದೆ ಎಂದು ನೋಡದಿದ್ದರೂ ಮನೆಮನೆಯಲ್ಲಿ ಅದರ ಹೆಸರು ಹೇಳುತ್ತಾರೆ. ಇನ್ನೊಬ್ಬ ಭಾರತರತ್ನ ಸಿ. ಎನ್. ಆರ್. ರಾವ್ ಅವರ 'ಸಿ' ಚಿಂತಾಮಣಿ, ಹುಟ್ಟಿದ್ದು ಬೆಂಗಳೂರಿನಲ್ಲಿ. ಒಬ್ಬರು ಹೊರಗಿನ ಹೆಸರು ಹೊತ್ತು ಜಿಲ್ಲೆಯೊಳಗೆ ಹುಟ್ಟಿದರು, ಇನ್ನೊಬ್ಬರು ಜಿಲ್ಲೆಯ ಹೆಸರು ಹೊತ್ತು ಹೊರಗೆ ಹುಟ್ಟಿದರು, ಲೆಕ್ಕ ಚುಕ್ತಾ. ಮುಳಬಾಗಿಲಿನಲ್ಲಿ ಹುಟ್ಟಿದ ಗುಂಡಪ್ಪನವರ 'ಡಿ' ದೇವನಹಳ್ಳಿ. ಅವರ ಮಗ ಬಿ. ಜಿ. ಎಲ್. ಸ್ವಾಮಿಯವರ 'ಬಿ' ಬೆಂಗಳೂರು. ಅಪ್ಪ ಮಗನ ನಡುವೆ ದೇವನಹಳ್ಳಿ ಉದುರಿಹೋಯಿತು. ಇನ್ನು ಮಾಸ್ತಿಯವರು ಹುಟ್ಟಿದ್ದು ಹುಂಗೇನಹಳ್ಳಿಯಲ್ಲಿ. ಆದರೆ ಊರು ಮಾಸ್ತಿ ಅವರ ಹೆಸರನ್ನೇ ಆಪೋಶನ ತೆಗೆದುಕೊಂಡಿತು. ಮಾಸ್ತಿ ಎಂದರೆ ಈಗ ಊರಲ್ಲ, ಮನುಷ್ಯ.

ಇದನ್ನೆಲ್ಲ ವಿವರಿಸಿದಾಗ ಜರ್ಮನಿಯ ಹಿರಿಯರು ಕುರ್ಚಿಯಲ್ಲಿ ನೆಟ್ಟಗಾದರಂತೆ. ಅವರ ದೇಶದಲ್ಲಿ ಊರಿನ ಹೆಸರನ್ನು ಹೀಗೆ 'ಫಾನ್' ಎಂದು ಸೇರಿಸಿಕೊಂಡು ಮೆರೆಯುತ್ತಿದ್ದವರು ಬಹುಮಟ್ಟಿಗೆ ಜಹಗೀರುದಾರರು, ಕೋಟೆಕೊತ್ತಲದ ಒಡೆಯರು. ಆ ಲೆಕ್ಕದಲ್ಲಿ ನಮ್ಮ ಗುಂಡಪ್ಪನವರು ಗುಂಡಪ್ಪ ಫಾನ್ ದೇವನಹಳ್ಳಿ, ನಾವು ಫಾನ್ ಕೊತ್ತಪಲ್ಲಿ. ಒಂದೂವರೆ ಎಕರೆ ಬೆದ್ದಲಿನ ಜಹಗೀರುದಾರರು. ಅಂದಿನಿಂದ ಮಹಡಿಯವರು ಅಣ್ಣನ ಮಗನಿಗೆ ಲಿಫ್ಟಿನಲ್ಲಿ ಮೊದಲು ದಾರಿ ಬಿಡುತ್ತಾರಂತೆ. ಅವನು ಬೇಡ ಅನ್ನಲಿಲ್ಲ.

ಜರ್ಮನಿಯಲ್ಲಿ ಎಲ್ಲ ಕಡೆ ಮೊದಲಿನಿಂದಲೂ ಮನೆತನದ ಹೆಸರು ಇತ್ತು ಅಂದುಕೊಳ್ಳಬೇಡಿ. ಉತ್ತರದ ಕರಾವಳಿಯ ಓಸ್ಟ್‌ಫ್ರೀಸ್‌ಲ್ಯಾಂಡಿನಲ್ಲಿ ನಮ್ಮ ಹಾಗೆ ಅಪ್ಪನ ಹೆಸರನ್ನೇ ಮಗನಿಗೆ ಅಂಟಿಸುವ ಪದ್ಧತಿ ಇತ್ತು. 1811ರಲ್ಲಿ ನೆಪೋಲಿಯನ್ನನ ಆಡಳಿತ ಎಲ್ಲರೂ ಒಂದು ಕಾಯಂ ಹೆಸರು ಇಟ್ಟುಕೊಳ್ಳಿ ಎಂದು ಹುಕುಂ ಮಾಡಿತು. ಬಹಳ ಕಾಲ ಜನ ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ಅದೇ ಸೀಮೆಯಲ್ಲಿ 1832ರಲ್ಲಿ ಹುಟ್ಟಿದವರು ನಮ್ಮ ನಿಘಂಟಿನ ಕಿಟ್ಟೆಲ್. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗ್ ತೀರಿಕೊಂಡದ್ದು 1881ರಲ್ಲಿ, ಸ್ಟುಟ್‌ಗಾರ್ಟಿನ ಪಕ್ಕದ ಎಸ್‌ಲಿಂಗನ್ನಿನಲ್ಲಿ. ಅಣ್ಣನ ಮಗನ ಆಫೀಸಿನಿಂದ ಅದು ಲೋಕಲ್ ರೈಲಿನ ದೂರ. ಅವರು ಬಂದು ಹೋದರು. ಬಂದು ಇಲ್ಲೇ ಉಳಿದವರೂ ಇದ್ದಾರೆ. ಡ್ರೆಸ್‌ಡೆನ್ ಬಳಿಯ ಹಳ್ಳಿಯವರಾದ ಕ್ರುಂಬಿಗಲ್ 1893ರಲ್ಲಿ ಬರೋಡಕ್ಕೆ ಬಂದು, ಅಲ್ಲಿಂದ ಮೈಸೂರು ಸಂಸ್ಥಾನಕ್ಕೆ ಬಂದು, ಲಾಲ್‌ಬಾಗನ್ನು ನೋಡಿಕೊಂಡು, ಬೆಂಗಳೂರಿನ ರಸ್ತೆಗಳಿಗೆ ಬಾರಿಬಾರಿಗೆ ಹೂಬಿಡುವ ಮರಗಳನ್ನು ಹಾಕಿಸಿ, 1956ರಲ್ಲಿ ಬೆಂಗಳೂರಿನಲ್ಲೇ ಕಣ್ಣುಮುಚ್ಚಿದರು. ಲಾಲ್‌ಬಾಗಿನ ಪಕ್ಕದ ರಸ್ತೆಗೆ ಅವರ ಹೆಸರಿದೆ. ಆಟೋದವರ ಬಾಯಲ್ಲಿ ಅದು ದಿನಕ್ಕೊಂದು ರೂಪ ತಾಳುತ್ತದೆ.

ಇಷ್ಟಕ್ಕೂ ಈ ನೆಲದಲ್ಲಿ ಬಾರದೆ ಇದ್ದವರು ಯಾರು? ಮೊರಸು ಒಕ್ಕಲಿಗರ ಕತೆ ಕೇಳಿ. ಏಳು ಜನ ಅಣ್ಣತಮ್ಮಂದಿರು ಕಂಚಿಯ ಕಡೆಯಿಂದ ಬಂಡಿ ಕಟ್ಟಿಕೊಂಡು, ದಾರಿಬಿಟ್ಟ ಪಾಲಾರ್ ನದಿ ದಾಟಿ, ನಂದಿಬೆಟ್ಟದ ಸೀಮೆಗೆ ಬಂದು ಆವತಿ ಕಟ್ಟಿದರು. ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಪಾಳೆಯಗಾರರೆಲ್ಲ ಆ ಬೇರಿನವರು. ಬಂದ ಬಂಡಿಯನ್ನೇ ದೇವರೆಂದು ಪೂಜಿಸುವ ಬಂಡಿದೇವರ ಒಕ್ಕಲಿನವರು ಈಗಲೂ ಇದ್ದಾರೆ. ಚಿಂತಾಮಣಿಯ ಟೊಮೆಟೊ, ಕೋಲಾರದ ಆಲೂಗಡ್ಡೆ ದಕ್ಷಿಣ ಅಮೆರಿಕದಿಂದ ಹಡಗಿನಲ್ಲಿ ಬಂದವು. ನಮ್ಮ ವಿದುರಾಶ್ವತ್ಥದ ಅಶ್ವತ್ಥವನ್ನು ನೆಟ್ಟವನು ಕೂಡ ಸ್ಥಳಪುರಾಣದ ಪ್ರಕಾರ ಹಸ್ತಿನಾವತಿಯಿಂದ ಬಂದ ವಿದುರ. ಕುರುಕ್ಷೇತ್ರ ಮುಗಿದ ಮೇಲೆ ಮನಸ್ಸು ಮುರಿದು ಊರು ಬಿಟ್ಟವನು. 1938ರ ಏಪ್ರಿಲ್ 25ರಂದು ಧ್ವಜ ಹಾರಿಸುವುದಕ್ಕೆಂದು ಅದೇ ಜಾಗದಲ್ಲಿ ಸುತ್ತಲ ಹಳ್ಳಿಯವರೆಲ್ಲ ನೆರೆದಾಗ ಪೊಲೀಸರು ಗುಂಡು ಹಾರಿಸಿದರು. ಗುಂಡು ಮನೆಮಾತು ಯಾವುದು ಎಂದು ಕೇಳಲಿಲ್ಲ. ಆ ಮುದಿ ಮರ 2001ರಲ್ಲಿ ಉರುಳಿತು. ಸಾವಿರಾರು ನಾಗರಕಲ್ಲುಗಳು ಉಳಿದಿವೆ.

ಆ ಕಲ್ಲುಗಳಲ್ಲಿ ಕೆಲವಕ್ಕೆ ಪ್ರತಿಷ್ಠೆ ಮಾಡಿಸಿದವರ ಹೆಸರು ಕೆತ್ತಿಸಿರುತ್ತಾರೆ. ನಮ್ಮ ಹಿರೀಕರ ಸುಳಿವು ಅಲ್ಲಾದರೂ ಸಿಕ್ಕೀತೇ ಎಂದು ಹೋಗಿ ಬಗ್ಗಿ ಬಗ್ಗಿ ನೋಡಿದೆ. ಅರಿಸಿನ ಕುಂಕುಮ ಮೆತ್ತಿಕೊಂಡು, ಎಣ್ಣೆ ಜಿಡ್ಡಿನಲ್ಲಿ ಅಕ್ಷರ ಮುಚ್ಚಿಹೋಗಿವೆ. ಓದಲಾದ ಹೆಸರುಗಳಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಹರಕೆ ಹೊತ್ತವಳು ಹೆಂಗಸು, ಉಪವಾಸ ಮಾಡಿದವಳು ಹೆಂಗಸು, ಒದ್ದೆ ಸೀರೆಯಲ್ಲಿ ಪ್ರದಕ್ಷಿಣೆ ಹಾಕಿದವಳು ಹೆಂಗಸು, ಕೆತ್ತಿಸಿದ ಇನಿಷಿಯಲ್ಲು ಗಂಡನದು.

ಇದನ್ನು ಅತ್ತೆಗೆ ಹೇಳಿದೆ. ಅವಳು ನಕ್ಕು, "ಗಂಡಸರ ಲೆಕ್ಕ ಹಿಡಿದು ಹೊರಟರೆ ನಿನಗೆ ಏನು ಸಿಗುತ್ತೆ? ಅಟ್ಟದ ಮೇಲಿರೋ ಪಾತ್ರೆ ಇಳಿಸು," ಎಂದಳು.

ಇಳಿಸಿದೆ. ಹಿತ್ತಾಳೆಯ ಕೊಳಗ, ಬಿಂದಿಗೆ, ತಾಮ್ರದ ಹಂಡೆ, ಕಂಚಿನ ತಪ್ಪಲೆ. ಕಿಲುಬು ಹಿಡಿದು ಕಪ್ಪಾಗಿದ್ದವು. ಹುಣಿಸೆಹಣ್ಣು ಹಚ್ಚಿ ತಿಕ್ಕಿದಾಗ ಬಾಯಿಯ ಅಂಚಿನಲ್ಲಿ ಚುಕ್ಕೆಚುಕ್ಕೆಯಾಗಿ ಉಳಿಯಲ್ಲಿ ಬಡಿದ ಅಕ್ಷರ ಮೇಲೆದ್ದವು. ಮದುವೆಯಲ್ಲಿ ತವರಿನವರು ಕೊಟ್ಟ ಪಾತ್ರೆ. ಕೊಟ್ಟವರ ಹೆಸರು, ಊರಿನ ಹೆಸರು. ಕೆಲವು ಕನ್ನಡ, ಕೆಲವು ತೆಲುಗು. ಚುಕ್ಕೆಯಲ್ಲಿ ಬರೆದರೆ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಅತ್ತೆ ಕಣ್ಣಿಗೆ ಕಾಣದಿದ್ದರೂ ಅಂಚಿನ ಮೇಲೆ ಬೆರಳಾಡಿಸಿ ಒಂದೊಂದನ್ನೂ ಗುರುತಿಸಿದಳು. ಈ ಕೊಳಗ ಅವಳ ತಾಯಿಯದು, ತವರು ನಗರಗೆರೆ. ಈ ಬಿಂದಿಗೆ ಅಜ್ಜಿಯದು, ತವರು ಲೇಪಾಕ್ಷಿ. ಹಂಡೆ ಮುತ್ತಜ್ಜಿಯದು, ಮಡಕಶಿರಾದಿಂದ ಗಾಡಿಯಲ್ಲಿ ಬಂತು, ದಾರಿಯಲ್ಲಿ ಬಿದ್ದು ತಗ್ಗಾಯಿತು, ತಗ್ಗು ಇಗೋ ಇಲ್ಲಿದೆ. ಯಾರಿಗೆ ಎಷ್ಟು ಬಂಗಾರ ಹಾಕಿದರು, ಯಾರ ಬೀಗರು ಮದುವೆಯ ದಿನ ಊಟ ಬಿಟ್ಟು ಎದ್ದರು ಎಲ್ಲ ನೆನಪಿದೆ. ಕೊತ್ತಪಲ್ಲಿ ಒಂದೇ ಊರು, ಅದೂ ನೀರಿಲ್ಲದ್ದು. ಅಟ್ಟದಿಂದ ಇಳಿದದ್ದು ಊರೂರುಗಳ ದಂಡು.

ಆಗ ನನಗೆ ಹೊಳೆದದ್ದು ಇಷ್ಟು. ಗಂಡಸರು ನೂರು ವರ್ಷಕ್ಕೊಮ್ಮೆ ಬರ ಬಂದಾಗಲೋ ಜಗಳವಾದಾಗಲೋ ಊರು ಬಿಟ್ಟು, ಅದನ್ನೇ ದೊಡ್ಡ ವಲಸೆಯೆಂದು ಹೆಸರಿಗೆ ಅಂಟಿಸಿಕೊಂಡರು. ಹೆಂಗಸರು ಪ್ರತಿ ತಲೆಮಾರಿನಲ್ಲೂ ಊರು ಬಿಟ್ಟು ಬಂದರು, ಯಾವ ಇನಿಷಿಯಲ್ಲಿಗೂ ಏರಲಿಲ್ಲ. ಪ್ರತಿ ಮನೆಯ ಹಿರೀಕರಲ್ಲಿ ಅರ್ಧ ಜನ ವಲಸೆಗಾರ್ತಿಯರು. ಇಂಟಿಪೇರು ಅವರನ್ನು ಒಳಗೆ ಸೇರಿಸಿಕೊಂಡು ಬಾಗಿಲು ಹಾಕಿತು.

ಪಾತ್ರೆ ಎಷ್ಟು ಉಳಿದಿವೆ ಎಂಬುದು ಬೇರೆ ಮಾತು. ಸ್ಟೀಲಿನ ಕಾಲ ಬಂದಾಗ ಬೀದಿಗೆ ಬರುತ್ತಿದ್ದ ವ್ಯಾಪಾರಿಗೆ ಹಳೆ ಹಿತ್ತಾಳೆ ತೂಗಿ ಕೊಟ್ಟು ಹೊಳೆಯುವ ಡಬ್ಬಿ ತಂದವರಲ್ಲಿ ನಮ್ಮ ಮನೆಯವರೂ ಇದ್ದರು. ಮುತ್ತಜ್ಜಿಯ ತಾಯಿಯ ತವರು ಯಾವುದೆಂದು ಹೇಳಬೇಕಿದ್ದ ಕೊಪ್ಪರಿಗೆ ಅರ್ಧ ಡಜನ್ ಟಿಫಿನ್ ಡಬ್ಬಿಯಾಗಿ ಬದಲಾಯಿತು. ಜರ್ಮನಿಯವರಿಗೆ ದಫ್ತರ ಸುಡಲು ಮೂವತ್ತು ವರ್ಷಗಳ ಯುದ್ಧ ಬೇಕಾಯಿತು. ನಮಗೆ ಒಬ್ಬ ಪಾತ್ರೆಯವನು ಸಾಕಾದ.

ಅಣ್ಣನ ಮಗನಿಗೆ ಪಾತ್ರೆಗಳ ಫೋಟೋ ಕಳಿಸಿ, ಪಕ್ಕದಲ್ಲಿ ಊರುಗಳ ಹೆಸರು ಬರೆದೆ. ಜರ್ಮನಿಯ ಹಿರಿಯರು ನೋಡಿ, ತಮ್ಮ ಫೈಲಿನಲ್ಲೂ ಅಮ್ಮಂದಿರ ಸಾಲು ಎರಡು ತಲೆಮಾರಿಗೇ ನಿಂತಿದೆ ಎಂದು ಒಪ್ಪಿಕೊಂಡರಂತೆ, ಚರ್ಚಿನ ಪುಸ್ತಕದಲ್ಲಿ ಅವರ ಹೆಸರಿದ್ದರೂ ತಾವು ಹುಡುಕಿರಲಿಲ್ಲ ಎಂದರಂತೆ. ಈಗ ಅಣ್ಣನ ಮಗನಿಗೆ ಹೆಣ್ಣುಮಗು ಹುಟ್ಟಿದೆ. ಅಲ್ಲಿಯ ಕಚೇರಿಯ ದಾಖಲೆಗೆ ಅವಳೂ ಕೊತ್ತಪಲ್ಲಿಯೇ. ಇನ್ನೂರು ವರ್ಷ ಕಳೆದ ಮೇಲೆ ಆ ವಂಶದ ಯಾವನೋ ಜರ್ಮನ್ ಹುಡುಗ ತನ್ನ ವಿಚಿತ್ರ ಹೆಸರಿನ ಮೂಲ ಹುಡುಕಿಕೊಂಡು ವಿಮಾನ ಇಳಿದು, ಟ್ಯಾಕ್ಸಿಯವನಿಗೆ ಕೊತ್ತಪಲ್ಲಿಗೆ ಬಿಡು ಎನ್ನುತ್ತಾನೆ. ಯಾವ ಕೊತ್ತಪಲ್ಲಿ ಸಾರ್ ಎಂದು ಅವನು ಕೇಳುತ್ತಾನೆ. ಅದಕ್ಕೆ ಉತ್ತರ ನನ್ನ ಬಳಿ ಇಲ್ಲ. ಆದರೆ ನಗರಗೆರೆ, ಲೇಪಾಕ್ಷಿ, ಮಡಕಶಿರಾ ಎಂದು ಹೇಳಿಕಳಿಸಬಹುದು.

ಇಂಟಿಪೇರು ಹೇಗೂ ಉಳಿಯುತ್ತದೆ, ಅದಕ್ಕೆ ಪಾಸ್‌ಪೋರ್ಟು, ಪಹಣಿ, ಮದುವೆ ಲಗ್ನಪತ್ರಿಕೆ ಎಲ್ಲ ಇವೆ. ನೀವು ಹುಡುಕಬೇಕಾದ್ದು ಬೇರೆ. ಮನೆಯಲ್ಲಿ ಅಜ್ಜಿಯೋ ಸೋದರತ್ತೆಯೋ ಇದ್ದರೆ ಅವರ ತವರು ಯಾವುದು, ಅವರ ತಾಯಿಯ ತವರು ಯಾವುದು ಎಂದು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಟ್ಟದ ಮೇಲೆ ಹಿತ್ತಾಳೆ ಪಾತ್ರೆ ಇದ್ದರೆ ಗುಜರಿಗೆ ಹಾಕುವ ಮುಂಚೆ ಅಂಚು ತಿಕ್ಕಿ ಓದಿ.